ಹತ್ತು ಗಂಟೆಗಾದರೂ ಡಿಜೆ ನಿಲ್ಲಲಿ

ಮಾನ್ಯರೇ,

ಕಲಬುರಗಿಯ ಸೆಕೆಗೆ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ. ಮೊನ್ನೆ ನಮ್ಮ ಓಣಿಯಲ್ಲಿ ಮದುವೆ ಮೆರವಣಿಗೆಯ ಡಿಜೆ ರಾತ್ರಿ ಒಂದರವರೆಗೂ ನಿಲ್ಲಲಿಲ್ಲ. ಪರೀಕ್ಷೆಗೆ ಓದುತ್ತಿರುವ ಮಗಳು ಕಿವಿಗೆ ದಿಂಬು ಒತ್ತಿಕೊಂಡು ಹೊರಳಾಡಿದಳು. ಬೆಳಿಗ್ಗೆ ರೊಟ್ಟಿ ಸ್ವಲ್ಪ ಸೀದಿದೆ ಅಂತ ತಟ್ಟೆ ದೂಡಿ ಅತ್ತೇಬಿಟ್ಟಳು. ಅದು ಹಟ ಅಲ್ಲ. ನಿದ್ದೆಗೆಟ್ಟರೆ ಸಿಟ್ಟು, ಅಳು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ.

ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಅಲ್ವಾ? ಗಾಢ ನಿದ್ದೆ, ಕನಸಿನ ನಿದ್ದೆ ಸೇರಿ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು. ಪದೇಪದೇ ಎಚ್ಚರವಾದರೆ ಆ ಸುತ್ತೇ ಮುರಿಯುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ಸಿಗದೆ ಮಕ್ಕಳು ಚಹಾ ಮೇಲೆ ಚಹಾ ಕುಡಿಯುತ್ತಾರೆ. ಚಹಾದಲ್ಲಿರುವ ಕೆಫೀನ್ ದಣಿವನ್ನು ಮುಚ್ಚಿಡುತ್ತದೆ ಅಷ್ಟೇ, ಕಳೆಯುವುದಿಲ್ಲ. ಅದರಲ್ಲಿ ಅರ್ಧದಷ್ಟು ಕುಡಿದು ಐದು ತಾಸು ಕಳೆದರೂ ಮೈಯಲ್ಲೇ ಇರುತ್ತದೆ. ಮರುರಾತ್ರಿಯ ನಿದ್ದೆಯೂ ಹೋಯಿತು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆ. ಮದುವೆ ಸಂಭ್ರಮ ಬೇಡ ಎನ್ನುವುದಿಲ್ಲ. 112ಕ್ಕೆ ಕರೆ ಮಾಡಿದಾಗ ಪೊಲೀಸರು ಬಂದು ಡಿಜೆ ನಿಲ್ಲಿಸಲಿ, ಪರೀಕ್ಷೆ ಮುಗಿಯುವವರೆಗಾದರೂ.

– ಒಬ್ಬ ತಾಯಿ, ಕಲಬುರಗಿ