ಓಬವ್ವನ ಗಂಡನ ಊಟ

ದಾವಣಗೆರೆ

ಪ್ರೀತಿಯ ಮಗಳೇ,

ನಿನ್ನ ಕಥೆ ಓದಿದೆ. ಹೈದರಾಲಿಯ ಸೈನಿಕರು ಊಟ ತಲುಪಿಸುವ ಹುಡುಗರ ವೇಷದಲ್ಲಿ, ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ಕಿಂಡಿಯಲ್ಲಿ ಬರುತ್ತಾರೆ. ಮೊದಲನೆಯವನು 'ಒಟಿಪಿ ಹೇಳಿ ಅಕ್ಕಾ' ಅನ್ನುತ್ತಾನೆ. ಓಬವ್ವ ಒನಕೆಯಲ್ಲಿ ಹೇಳುತ್ತಾಳೆ. ನಾನು ನಕ್ಕ ಸದ್ದಿಗೆ ನಮ್ಮನೆಯವಳು ಒಳಗಿಂದ ಬಂದು ನೋಡಿ ಹೋದಳು.

ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯುವುದಿಲ್ಲ ಅಂದಿದ್ದೀಯ. ಬಿಡು, ಬರೆಯುತ್ತೀಯ. ಕಾಗುಣಿತ, ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನ್ನ ಜಗಳ ಒಂದೇ ವಿಷಯಕ್ಕೆ.

ಒಂದು ಕಥೆಗೆ ಒಂದು ಸುಳ್ಳು ಸಾಕು. ಓಬವ್ವನ ಕಾಲಕ್ಕೆ ಮೊಬೈಲ್ ತಂದೆ ಅಲ್ವಾ, ನಿನ್ನ ಪಾಲು ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ನಿಜ ಇರಬೇಕು. ನೀನೋ, ದಂಡಿನ ಡೇರೆಯಲ್ಲಿ ಟಿಪ್ಪುವನ್ನು ಸುಲ್ತಾನನಾಗಿ ಕೂರಿಸಿದ್ದೀಯ. ಚಿತ್ರದುರ್ಗ ಹೈದರನ ಕೈಗೆ ಬಿದ್ದದ್ದು 1779ರಲ್ಲಿ. ಹೈದರ್ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. 'ತಮಾಷೆ ಕಥೆಗೆ ಇಸವಿ ಯಾಕೆ ಸಾರ್' ಅನ್ನಬೇಡ. ತಮಾಷೆಗೇ ಜಾಸ್ತಿ ಬೇಕು. ಇಸವಿ ತಪ್ಪಿದ್ದು ಗೊತ್ತಾದವನು ಆಮೇಲೆ ಒಟಿಪಿಗೂ ನಗುವುದಿಲ್ಲ.

ನಿನ್ನ ಓಬವ್ವ ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ಲುತ್ತಾಳಲ್ಲ, ಅದು 1972ರ 'ನಾಗರಹಾವು' ಸಿನಿಮಾದ ಜಯಂತಿ. ಇರಲಿ, ನಮಗೆಲ್ಲ ಅದೇ ಮುಖ. ನಿಮ್ಮೂರ ಕೋಟೆಗೆ ಬಂದವರು ಮದಕರಿ ನಾಯಕನನ್ನೂ ರಾಮಾಚಾರಿಯನ್ನೂ ಒಟ್ಟಿಗೇ ಹುಡುಕುತ್ತಾರೆ. ಸಿನಿಮಾ, ಚರಿತ್ರೆ ಕಲಸುವ ಕೆಲಸ ನಿನಗಿಂತ ಮುಂಚೆ ಊರೇ ಮಾಡಿಟ್ಟಿದೆ. ಆದರೆ ಕಿಂಡಿ ಎಲ್ಲಿ? ನಿನ್ನ ಸೈನಿಕರು ಸುಮ್ನೆ ಸಾಲಾಗಿ ನಡೆದು ಬರುತ್ತಾರೆ, ಮದುವೆ ಮನೆ ಬಾಗಿಲಲ್ಲಿ ಬಂದ ಹಾಗೆ. ಅಲ್ಲಿ ಮೈ ಬಗ್ಗಿಸಿ, ಮೊದಲು ತಲೆ ತೂರಿಸಬೇಕು. ಬೆನ್ನಿನ ಚೌಕದ ಚೀಲ ಬಂಡೆಗೆ ಸಿಕ್ಕಿಕೊಳ್ಳುತ್ತದೆ! ಹಿಂದೆ ಹೋಗುವ ಹಾಗಿಲ್ಲ, ಮುಂದೆ ಒನಕೆ. ಇಂಥ ಜೋಕು ಆ ಬಂಡೆಯಲ್ಲೇ ಕೂತಿತ್ತು, ನೀನು ಎತ್ತಿಕೊಳ್ಳಲಿಲ್ಲ. ಆಟೋದಲ್ಲಿ ಹೋಗುವಷ್ಟು ದೂರ ಕಣವ್ವಾ. ಸಿಟ್ಟು ಬರುತ್ತದೆ.

ನಾನೂ ಇದೇ ಓಬವ್ವನ ಮೇಲೆ ಒಂದು ನಗೆನಾಟಕ ಬರೆದಿದ್ದೆ, ಗಣಪತಿ ಪೆಂಡಾಲಿಗೆ. ಗಂಡ ಮುದ್ದಹನುಮ ಕೋಟೆ ಕಾವಲಿನಲ್ಲಿ ಕಹಳೆ ಊದುವವನು, ಊಟಕ್ಕೆ ಮನೆಗೆ ಬಂದಿದ್ದ ಅನ್ನುತ್ತಾರಲ್ಲ, ಅವನನ್ನು ಹೊಟ್ಟೆಬಾಕ ಮಾಡಿದೆ. ಹೆಂಡತಿ ಹೊಡೆದಾಡುತ್ತಿದ್ದರೆ ಇವನು ಬೆಣ್ಣೆದೋಸೆ ಮೇಲೆ ಬೆಣ್ಣೆದೋಸೆ. ಜನ ಬಿದ್ದು ಬಿದ್ದು ನಕ್ಕರು. ಒಂಬತ್ತು ವರ್ಷ ಅದನ್ನೇ ಆಡಿಸಿದೆ, ಚಪ್ಪಾಳೆಯ ರುಚಿ ನೋಡು. ಕೊನೇ ವರ್ಷ, ಮಿಲ್ಲಿನಲ್ಲಿ ಕಾವಲಿಗಿದ್ದ ಒಬ್ಬರು ನಾಟಕ ಮುಗಿದ ಮೇಲೆ ಬಂದರು. ಖಾಕಿ ಅಂಗಿ, ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ. 'ಕಾವಲಿನವನು ಊಟಕ್ಕೆ ಹೋಗೋದೂ ತಪ್ಪಾ ಸಾರ್?' ಅಂದರು. ನಾನು ನಕ್ಕು, ಅವರ ಹೆಗಲು ತಟ್ಟಿ, ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿನ್ನಲು ಹೋದೆ. ಆ ನಾಟಕ ಈಗಲೂ ಬೀರುವಿನಲ್ಲಿದೆ. ತೆಗೆದು ಓದುವುದಕ್ಕೆ ಆಗುವುದಿಲ್ಲ.

ಓಬವ್ವ ಹೋದದ್ದು ಅವನಿಗೆ ಕುಡಿಯುವ ನೀರು ತರಲು. ನೀರು ಬರಲಿಲ್ಲ ಅಂತ ಎದ್ದು ಬಂದವನು ಏನು ನೋಡಿದ, ಏನಂದ? ನಿನ್ನ ಕಥೆಯಲ್ಲಿ ಅವನು ಬರುವುದೇ ಇಲ್ಲ. ಅದನ್ನು ಬರಿ. ಅದಕ್ಕೂ ಮುಂಚೆ ಈ ಭಾನುವಾರ ಕಾಲೇಜು ಚೀಲ ಬೆನ್ನಿಗೆ ಹಾಕಿಕೊಂಡು ಕಿಂಡಿ ಹತ್ತಿರ ಹೋಗು. ಎಲ್ಲಿ ಸಿಕ್ಕಿಕೊಂಡಿತು ಅಂತ ನನಗೆ ಕಾಗದ ಹಾಕು.

ಇಂತಿ,
ನಿನ್ನ ಮೇಷ್ಟ್ರು