ಮೊದಲು ಮೈ, ಆಮೇಲೆ ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಕ್ಲೈಂಟ್ ಒಬ್ಬರು ಮಾತಿನ ಮಧ್ಯೆ ಬಿಕ್ಕಿ ಬಿಕ್ಕಿ ಅತ್ತರು, ಏನು ಮಾಡಬೇಕೋ ತೋಚಲಿಲ್ಲ ಅಂತ ಬರೆದಿದ್ದೀಯ.

ಅಳುವವರನ್ನೆಲ್ಲ ಸುಮ್ಮನಾಗಿಸಲು ಹೋಗಬೇಡ. ಅಳು ನಿಲ್ಲಲಿ ಅನ್ನುವ ಆತುರ ಎಷ್ಟೋ ಸಲ ನಮ್ಮದೇ ಆಗಿರುತ್ತದೆ. ಅಳುತ್ತಲೇ ನಿನ್ನ ಕಡೆ ನೋಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ ಅಂದರೆ ಬಿಡು, ಅಳಲಿ. ಟಿಶ್ಯೂ ಡಬ್ಬಿಯನ್ನೂ ತಕ್ಷಣ ಮುಂದೆ ತಳ್ಳಬೇಡ. ಕೆಲವರಿಗೆ ಅದು "ಸಾಕು ಮಾಡಿ" ಅಂದ ಹಾಗೆ ಕೇಳಿಸುತ್ತದೆ. ಕೈಗೆ ಸಿಗುವಂತಿದ್ದರೆ ಆಯಿತು.

ಏದುಸಿರು, ಕೈನಡುಕ, ನಿನ್ನ ಮಾತೇ ಕಿವಿಗೆ ಬೀಳುತ್ತಿಲ್ಲ ಅಂದರೆ ಅದು ಬೇರೆ. ಮನೋವೈದ್ಯ ಡೇನಿಯಲ್ ಸೀಗಲ್ 1999ರಲ್ಲಿ 'ವಿಂಡೋ ಆಫ್ ಟಾಲರೆನ್ಸ್' ಅಂದರಲ್ಲ, ಭಾವನೆಯ ಏರಿಳಿತವನ್ನು ಮನಸ್ಸು ತಡೆದುಕೊಳ್ಳಬಲ್ಲ ಮಿತಿ, ಅದರಾಚೆ ಹೋಗಿದ್ದಾರೆ ಅಂತ. ಆಗ "ಯಾಕೆ ಹಾಗನ್ನಿಸಿತು?" ಅಂತ ಕೆದಕಬೇಡ. "ಸಮಾಧಾನ ಮಾಡ್ಕೊಳ್ಳಿ" ಅನ್ನುವುದಂತೂ ದಂಡ. ದನಿ ತಗ್ಗಿಸು. "ಎರಡೂ ಪಾದ ನೆಲಕ್ಕೆ ಒತ್ತಿ. ಕಿಟಕಿ ಆಚೆ ಏನು ಕಾಣ್ತಿದೆ, ಹೇಳಿ." ಇಷ್ಟೇ ಚಿಕ್ಕ ಮಾತು ಸಾಕು.

ಉಸಿರಿನ ವಿಷಯದಲ್ಲೇ ಜಾಸ್ತಿ ಜನ ಎಡವುವುದು. "ಜೋರಾಗಿ ಉಸಿರು ಎಳೆದುಕೊಳ್ಳಿ" ಅಂದರೆ ಗಾಬರಿಯಲ್ಲಿರುವವರು ಎಳೆಯುತ್ತಲೇ ಹೋಗುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹಾರ್ಟ್ ಅಟ್ಯಾಕೇ ಬಂತು ಅಂದುಕೊಳ್ಳುತ್ತಾರೆ. ಬಿಡುವ ಉಸಿರು ಉದ್ದವಾಗಬೇಕು. ಬಿಸಿ ಕಾಫಿ ಊದಿ ಆರಿಸುವ ಹಾಗೆ ಅನ್ನು, ಯಾರಿಗಾದರೂ ಅರ್ಥವಾಗುತ್ತದೆ. ನೀನೂ ಜೊತೆಗೆ ಊದು. ಉಸಿರು ಬಿಡುವಾಗ ಎದೆ ಬಡಿತ ತಾನಾಗಿ ತುಸು ನಿಧಾನವಾಗುತ್ತದೆ. ಕಣ್ಣು ಮುಚ್ಚಲು ಮಾತ್ರ ಹೇಳಬೇಡ. ಹಿಂಸೆ ಉಂಡವರಿಗೆ ಮುಚ್ಚಿದ ಕಣ್ಣೊಳಗೇ ಹಳೆಯದೆಲ್ಲ ಬಂದು ನಿಲ್ಲಬಹುದು. ಕೇಳದೆ ಮೈ ಮುಟ್ಟಲೂಬೇಡ.

ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ಅವರ ಡಿಬಿಟಿಯಲ್ಲಿ, ಅಂದರೆ ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಚಿಕಿತ್ಸೆಯಲ್ಲಿ, ಮುಖಕ್ಕೆ ತಣ್ಣೀರಿನ ಉಪಾಯವಿದೆ. ಒಳ್ಳೆಯದೇ, ಆದರೆ ಅದು ಎದೆ ಬಡಿತವನ್ನು ಥಟ್ಟನೆ ಇಳಿಸುತ್ತದೆ. ಹೃದಯದ ತೊಂದರೆ ಇದೆಯಾ ಅಂತ ಮೊದಲೇ ವಿಚಾರಿಸಿಕೊ.

ಇನ್ನು ಕೆಲವರು ಅಳುವುದೇ ಇಲ್ಲ, ಮರಗಟ್ಟಿ ಕೂತುಬಿಡುತ್ತಾರೆ. ಹೊಸಬರು ಅದನ್ನೇ ಸಮಾಧಾನ ಅಂದುಕೊಳ್ಳುತ್ತಾರೆ, ನನಗೆ ಹೀಗೆ ಮರಗಟ್ಟಿದವರದ್ದೇ ಚಿಂತೆ ಹೆಚ್ಚು. ಎದ್ದು ನಿಲ್ಲಲು ಹೇಳು, ನಾಲ್ಕು ಹೆಜ್ಜೆ ಜೊತೆಗೆ ನಡೆ, ನೀರು ಕೊಡು.

ಸೆಷನ್ ಮುಗಿಯಲು ಹತ್ತು ನಿಮಿಷ ಇರುವಾಗಲೇ ನೋವಿನ ಮಾತು ನಿಲ್ಲಿಸು. ಮನೆಗೆ ಹೇಗೆ ಹೋಗುತ್ತಾರೆ, ಅಲ್ಲಿ ಯಾರಿರುತ್ತಾರೆ ಕೇಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡು, ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು. ಊದುವ ಅಭ್ಯಾಸವನ್ನು ಮಾತ್ರ ಅವರು ನೆಮ್ಮದಿಯಾಗಿರುವ ದಿನವೇ ಮಾಡಿಸಿಡು. ಗಾಬರಿ ಹೊತ್ತಿನಲ್ಲಿ ಹೊಸದೇನೂ ತಲೆಗೆ ಹೋಗಲ್ಲ, ಅಲ್ವಾ?

ಇಂತಿ ನಿನ್ನ
ದೊಡ್ಡಮ್ಮ