ಬಿಲಿರುಬಿನ್ ಪರೀಕ್ಷೆಯ ದರ ಏರಿದ್ದಕ್ಕೆ ನಮ್ಮ ಮಾತು

ಹಾಸನ

ಆತ್ಮೀಯ ಗ್ರಾಹಕರೇ,

ಬರುವ ಒಂದನೇ ತಾರೀಖಿನಿಂದ ನಮ್ಮ ಲ್ಯಾಬಿನಲ್ಲಿ ಬಿಲಿರುಬಿನ್ ಪರೀಕ್ಷೆಗೆ, ಅಂದರೆ ಕಾಮಾಲೆಗೆ ಮಾಡಿಸುವ ರಕ್ತಪರೀಕ್ಷೆಗೆ, 120ರ ಬದಲು 180 ರೂಪಾಯಿ. ‘ಟೋಟಲ್ ಒಂದೇ ಸಾಕು’ ಅಂದರೂ ಇನ್ಮೇಲೆ ಡೈರೆಕ್ಟ್, ಇನ್‌ಡೈರೆಕ್ಟ್ ಸೇರಿಸಿಯೇ ಕೊಡುತ್ತೇವೆ. ‘ನೀವೂ ದುಡ್ಡಿಗೆ ಬಿದ್ರಿ’ ಅಂತ ಇಬ್ಬರು ಹಳಬರೇ ಹೇಳಿದರು. ಬೇಜಾರಾಯಿತು.

ಪರೀಕ್ಷೆಗೆ ಬಳಸುವ ರಾಸಾಯನಿಕದ ಕಿಟ್ ಬಾಟಲಿ ತೆರೆದ ಮೇಲೆ ಇಷ್ಟೇ ದಿನ ಅಂತ ಲೆಕ್ಕ. ಉಳಿದರೆ ಚೆಲ್ಲಬೇಕು. ನಾಲ್ಕೇ ಜನ ಬರಲಿ, ನಲವತ್ತು ಜನ ಬರಲಿ, ಬೆಳಗ್ಗೆ ಮೊದಲು ಕಂಟ್ರೋಲ್ (ಮಷಿನ್ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡುವ ಸ್ಯಾಂಪಲ್) ಓಡಿಸಲೇಬೇಕು. ಅದರ ಖರ್ಚು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ.

ಟೋಟಲ್ 3 ಅಂತ ಮಾತ್ರ ಬರೆದರೆ ಡಾಕ್ಟರಿಗೆ ಅರ್ಧ ಕಥೆ ಹೇಳಿದ ಹಾಗೆ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ಅದು ಒಡೆದಾಗ ಹುಟ್ಟುವ ಹಳದಿ ಬಣ್ಣವೇ ಬಿಲಿರುಬಿನ್. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ಹೀಗೆ ಕರಗುವಂತಾದದ್ದು ಡೈರೆಕ್ಟ್, ಇನ್ನೂ ಆಗದಿರುವುದು ಇನ್‌ಡೈರೆಕ್ಟ್, ಎರಡೂ ಸೇರಿದರೆ ಟೋಟಲ್. ಕಣಗಳು ವಿಪರೀತ ಒಡೆದರೆ ಇನ್‌ಡೈರೆಕ್ಟ್ ಏರುತ್ತದೆ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೆ ಡೈರೆಕ್ಟ್ ಜಾಸ್ತಿ. ಹೆಪಟೈಟಿಸ್, ಕುಡಿತ, ಇಲಿಜ್ವರದಿಂದ ಲಿವರ್ ಕೆಟ್ಟಾಗ ಎರಡೂ ಏರಬಹುದು. ಮೊದಲು ಟೋಟಲ್ ಒಂದೇ ಮಾಡಿಸಿ, ಇದಕ್ಕೋಸ್ಕರವೇ ಸಕಲೇಶಪುರದಿಂದ ಮತ್ತೆ ಬಸ್ ಹತ್ತಿ ಬಂದು, ಎರಡನೇ ಸಲ ಸೂಜಿ ಚುಚ್ಚಿಸಿಕೊಂಡವರಿದ್ದಾರೆ.

ಇನ್ನು ನಮಗೆ ಬಂದ ಒಂದು ದೂರು. ‘ನಿಮ್ಮಲ್ಲಿ 1.9, ಸಂಜೆ ಬೇರೆ ಕಡೆ 1.4. ಯಾರದ್ದು ಸುಳ್ಳು?’ ಇಬ್ಬರದೂ ನಿಜ ಇರಬಹುದು. ಹುಟ್ಟಿನಿಂದಲೇ ಲಿವರ್ ಬಿಲಿರುಬಿನ್ ಕರಗುವಂತೆ ಮಾಡುವ ಕೆಲಸದಲ್ಲಿ ಸ್ವಲ್ಪ ನಿಧಾನ ಇರುವವರಿದ್ದಾರೆ. ಗಿಲ್ಬರ್ಟ್ ಸಿಂಡ್ರೋಮ್ ಅನ್ನುತ್ತಾರೆ, ಅದರಿಂದ ಅಪಾಯವಿಲ್ಲ. ಅಂಥವರು ಉಪವಾಸ ಇದ್ದರೆ ಅಂಕಿ ಏರುತ್ತದೆ, ಊಟ ಮಾಡಿದರೆ ಇಳಿಯುತ್ತದೆ. ಏಕಾದಶಿಯ ಮರುದಿನ ಬೆಳಗ್ಗೆ ಬಂದು ನಮ್ಮನ್ನು ಬೈದರೆ ಹೇಗೆ? ಮಷಿನ್ ಬೇರೆಯಾದರೂ ಅಷ್ಟಿಷ್ಟು ವ್ಯತ್ಯಾಸ ಬರುತ್ತದೆ. ಇದಲ್ಲದೆ ಬಿಲಿರುಬಿನ್‌ಗೆ ಬೆಳಕು ಆಗುವುದಿಲ್ಲ. ಟ್ಯೂಬ್ ಬಿಸಿಲಿಗೆ ಬಿದ್ದರೆ ಅಂಕಿ ಕುಸಿಯುತ್ತದೆ. ಹಳದಿಯಾದ ಹಸುಗೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದೂ ಬೆಳಕಿನ ಈ ಗುಣಕ್ಕೇ.

ಹಾಗಂತ ನಾವು ತಪ್ಪೇ ಮಾಡಿಲ್ಲ ಅನ್ನುವುದಿಲ್ಲ. ಕಳೆದ ತಿಂಗಳು ಒಂದು ಟ್ಯೂಬ್ ಮಧ್ಯಾಹ್ನವೆಲ್ಲ ಕಿಟಕಿ ಪಕ್ಕ ಉಳಿದುಬಿಟ್ಟಿತ್ತು. ರಿಪೋರ್ಟ್ ತಡೆದು, ಅವರ ಮನೆಗೇ ಹೋಗಿ ಮತ್ತೆ ರಕ್ತ ತಂದೆವು. ಕ್ಷಮಿಸಿ. ಈಗ ಪ್ರತಿ ಟ್ಯೂಬಿಗೂ ಕಪ್ಪು ಕಾಗದ ಸುತ್ತುತ್ತೇವೆ. ಸುತ್ತದೇ ತಂದ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ. ಎಷ್ಟೇ ಪರಿಚಯ ಇದ್ದರೂ ದಯವಿಟ್ಟು ಒತ್ತಾಯ ಮಾಡಬೇಡಿ.

ಹಸುಗೂಸುಗಳಿಗೆ ಹಳೇ ದರವೇ. ಆದರೆ ಹುಟ್ಟಿದ 24 ಗಂಟೆಯೊಳಗೆ ಮಗು ಹಳದಿಯಾದರೆ ನಮ್ಮ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ದರದ ಬಗ್ಗೆ ಜಗಳ ಆಡುವುದಿದ್ದರೆ ಸಂಜೆ ಏಳರವರೆಗೂ ಲ್ಯಾಬಿನಲ್ಲಿ ನಾನೇ ಇರುತ್ತೇನೆ.

ನಿಮ್ಮ ಲ್ಯಾಬಿನವನು